ಸರಿಯಾದ ಕ್ರಿಯೆ: ಮಲಪ್ರಭಾ ಸೀಮೆಯ ನೀತಿಚಿಂತನೆಯಲ್ಲಿ ಕಾರಣ, ಸಂಕಲ್ಪ, ಫಲ

ಒಂದು ಕೆಲಸ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಯಾವುದನ್ನು ನೋಡಬೇಕು ಎಂಬುದು ನೀತಿಶಾಸ್ತ್ರದ ಮೂಲ ಪ್ರಶ್ನೆ. ಅದನ್ನು ಮಾಡೆಂದ ಆಜ್ಞೆಯನ್ನೋ, ಅದರಿಂದ ಒದಗುವ ಫಲವನ್ನೋ, ಮಾಡುವವರ ಮನಸ್ಸನ್ನೋ? ಈ ಪ್ರಶ್ನೆಯ ಬೆನ್ನಿಗೆ ಇನ್ನೆರಡು ಬರುತ್ತವೆ. ಯಾವುದು ತನ್ನಷ್ಟಕ್ಕೇ ಬೆಲೆಯುಳ್ಳದ್ದು, ಯಾವುದು ಬೇರೊಂದಕ್ಕೆ ಸಾಧನವಾಗಿ ಮಾತ್ರ ಬೆಲೆಯುಳ್ಳದ್ದು? ‘ಇದನ್ನು ಮಾಡಬೇಕು’ ಎನ್ನಲು ಕೊಡುವ ಕಾರಣ, ಕೇಳುವವರಿಗೆ ಅದರಲ್ಲಿ ಯಾವ ಆಸೆಯೂ ಇಲ್ಲದಿದ್ದಾಗಲೂ ಅವರನ್ನು ಕಟ್ಟುತ್ತದೆಯೇ? ಯುರೋಪಿನಲ್ಲಿ ಡೇವಿಡ್ ಹ್ಯೂಮ್ 1739-40ರಲ್ಲಿ, ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಇವಕ್ಕೆ ಪರಸ್ಪರ ವಿರುದ್ಧವಾದ ಉತ್ತರ ಕೊಟ್ಟರು. ಬುದ್ಧಿಯೊಂದೇ ಯಾರನ್ನೂ ಕ್ರಿಯೆಗೆ ಎಳೆಯಲಾರದು, ಎಳೆಯುವುದು ಬಯಕೆ ಎಂದು ಹ್ಯೂಮ್ ವಾದಿಸಿದರು. ಬಯಕೆ ಏನೇ ಇರಲಿ, ವಿವೇಕ ತಾನೇ ವಿಧಿಸುವ ಕರ್ತವ್ಯ ಎಲ್ಲರಿಗೂ ಅನ್ವಯಿಸುತ್ತದೆ ಎಂದು ಕಾಂಟ್ ಹೇಳಿದರು. ಇಂದಿಗೂ ಈ ವಾದ ಮುಗಿದಿಲ್ಲ.

ಕನ್ನಡ ನಾಡಿನಲ್ಲಿ ಇದೇ ಪ್ರಶ್ನೆಗಳು ಶಾಸ್ತ್ರಗ್ರಂಥಗಳಲ್ಲಿ ಎದ್ದಿವೆ. ಅದಕ್ಕಿಂತ ಹೆಚ್ಚಾಗಿ ಕಥೆ, ಕಾವ್ಯ, ವಚನಕಾರರ ಸಂವಾದ ಮತ್ತು ಊರಿನ ಇತಿಹಾಸದಲ್ಲಿ ಎದ್ದಿವೆ. ಬೆಳಗಾವಿ ಜಿಲ್ಲೆಯ ಮುನವಳ್ಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳನ್ನೊಳಗೊಂಡ ಮಲಪ್ರಭಾ ನದಿಯ ಸೀಮೆ ಈ ದೃಷ್ಟಿಯಿಂದ ಸಮೃದ್ಧವಾದದ್ದು. ಯಲ್ಲಮ್ಮನ ಗುಡ್ಡ, ರಟ್ಟರ ಕಾಲದ ಜೈನ ಬಸದಿಗಳ ನೆನಪು, ಕಲ್ಯಾಣದಿಂದ ಉಳವಿಯ ಕಡೆಗೆ ಸಾಗಿದ ಶರಣರ ದಾರಿ, ಕಿತ್ತೂರಿನ ಕದನ, ರಾಮದುರ್ಗದ ದಂಗೆ, ನವಿಲುತೀರ್ಥದ ಅಣೆಕಟ್ಟು ಎಲ್ಲವೂ ಇಲ್ಲಿ ಒಂದು ದಿನದ ಪಯಣದೊಳಗಿವೆ. ಇವುಗಳಲ್ಲಿ ಅಡಗಿರುವ ವಾದಗಳನ್ನು ಜೋಡಿಸಿ ನೋಡಿದರೆ ಒಂದು ಒಲವು ಎದ್ದು ಕಾಣುತ್ತದೆ: ಮನಸ್ಸಿನ ಶುದ್ಧಿಯನ್ನು ಈ ಪರಂಪರೆ ಬಹಳ ಎತ್ತರದಲ್ಲಿಟ್ಟಿದೆ, ಆದರೆ ಅದನ್ನು ಕೈಯಲ್ಲಿರುವ ವಸ್ತುವಿನ ಮೇಲೆ ಒರೆಗೆ ಹಚ್ಚದೆ ಒಪ್ಪುವುದಿಲ್ಲ.

ಆಜ್ಞೆ ಮತ್ತು ಅದರ ಮಿತಿ

ಸವದತ್ತಿಯ ಗುಡ್ಡದಲ್ಲಿ ಪೂಜೆಗೊಳ್ಳುವ ಯಲ್ಲಮ್ಮನನ್ನು ಜಮದಗ್ನಿಯ ಮಡದಿ ರೇಣುಕೆಯೆಂದು ಭಕ್ತರು ನಂಬುತ್ತಾರೆ. ಮಹಾಭಾರತದ ವನಪರ್ವದಲ್ಲಿ ಬರುವ ಕಥೆಯ ಪ್ರಕಾರ, ನೀರಿಗೆ ಹೋದ ರೇಣುಕೆ ಜಲಕ್ರೀಡೆಯಾಡುತ್ತಿದ್ದ ಅರಸನೊಬ್ಬನನ್ನು ಕಂಡು ಕ್ಷಣಕಾಲ ಮನಸೋಲುತ್ತಾಳೆ. ಅದನ್ನರಿತ ಜಮದಗ್ನಿ ತಾಯಿಯನ್ನು ಕೊಲ್ಲುವಂತೆ ಮಕ್ಕಳಿಗೆ ಆಜ್ಞಾಪಿಸುತ್ತಾನೆ. ಹಿರಿಯ ನಾಲ್ವರು ಕೈಯೆತ್ತದೆ ಶಾಪಕ್ಕೆ ಗುರಿಯಾಗುತ್ತಾರೆ. ಕಿರಿಯವನಾದ ಪರಶುರಾಮ ಕೊಡಲಿ ಎತ್ತುತ್ತಾನೆ. ಮೆಚ್ಚಿದ ತಂದೆ ವರ ಕೊಟ್ಟಾಗ ತಾಯಿ ಬದುಕಲಿ, ಅಣ್ಣಂದಿರು ಮೊದಲಿನಂತಾಗಲಿ ಎಂದು ಕೇಳುತ್ತಾನೆ.

ಪಿತೃವಾಕ್ಯ ಪರಿಪಾಲನೆಗೆ ದೃಷ್ಟಾಂತವೆಂದು ಈ ಕಥೆಯನ್ನು ಹೇಳುವುದು ರೂಢಿ. ಆದರೆ ಅವನು ಕೇಳಿದ ವರಗಳಲ್ಲಿ ಇನ್ನೆರಡಿವೆ: ಕೊಲೆಯಾದದ್ದು ತಾಯಿಯ ನೆನಪಿನಲ್ಲಿ ಉಳಿಯಬಾರದು, ತನಗೆ ಪಾಪ ತಟ್ಟಬಾರದು. ಆಜ್ಞೆಯೊಂದೇ ಕೃತ್ಯವನ್ನು ಸರಿಗೊಳಿಸುವುದಾದರೆ ಈ ಎರಡನ್ನೂ ಕೇಳುವ ಅಗತ್ಯವಿರಲಿಲ್ಲ. ಆಜ್ಞೆ ಪಾಲಿಸಿದವನಿಗೂ ತಾನು ಮಾಡಿದ್ದರ ಭಾರ ಗೊತ್ತಿದೆ. ಆಜ್ಞೆ ಮೀರಿದ ನಾಲ್ವರ ಪಕ್ಷದಲ್ಲಿ ಕಾರಣವಿತ್ತು ಎಂಬುದನ್ನೂ ಕಥೆ ಮರೆಮಾಚುವುದಿಲ್ಲ. ಇನ್ನೊಂದು ಪ್ರಶ್ನೆಯೂ ಇದೆ. ರೇಣುಕೆಯ ತಪ್ಪು ನಡೆದದ್ದು ಮನಸ್ಸಿನಲ್ಲಿ ಮಾತ್ರ. ಅಷ್ಟಕ್ಕೇ ಶಿಕ್ಷೆ ಸಲ್ಲುತ್ತದೆಯೇ? ಮನಸ್ಸಿನಲ್ಲಿ ಸುಳಿದದ್ದು ಬೇರೆ, ಮನಸ್ಸು ಮಾಡಿ ನಿರ್ಧರಿಸಿದ್ದು ಬೇರೆ ಎಂಬ ಭೇದವನ್ನು ಜಮದಗ್ನಿಯ ಕೋಪ ಗಣಿಸಲಿಲ್ಲ. ಮುಂದಿನ ಚಿಂತಕರಿಗೆ ಅದೇ ಭೇದ ಮುಖ್ಯವಾಯಿತು.

ಆಜ್ಞೆ ಮನುಷ್ಯನನ್ನು ಹೇಗೆ ಪ್ರೇರೇಪಿಸುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಚರ್ಚಿಸಿದವರು ಮೀಮಾಂಸಕರು. ವೇದವಿಧಿಯನ್ನು ಕೇಳಿದವನು ಯಾಕೆ ಕೆಲಸಕ್ಕೆ ತೊಡಗುತ್ತಾನೆ? ಅದು ತಾನು ಬಯಸಿದ್ದಕ್ಕೆ ಸಾಧನವೆಂದು ತಿಳಿಯುವುದರಿಂದ ಎಂದು ಮಂಡನಮಿಶ್ರ ಉತ್ತರಿಸಿದ. ‘ಇದು ನಾನು ಮಾಡಬೇಕಾದದ್ದು’ ಎಂಬ ತಿಳಿವಳಿಕೆಯೇ ಸಾಕು, ಫಲದ ಲೆಕ್ಕ ಬೇಕಿಲ್ಲ ಎಂದು ಪ್ರಭಾಕರನ ಪಕ್ಷ ಹೇಳಿತು. 1979ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಎಬ್ಬಿಸಿದ ವಾದ ಇದಕ್ಕೆ ಬಹಳ ಹತ್ತಿರದ್ದು. ವ್ಯಕ್ತಿಯ ಒಳಗಿನ ಯಾವ ಪ್ರೇರಣೆಗೂ ತಾಗದ ಕಾರಣ ಅವನ ಪಾಲಿಗೆ ಕಾರಣವೇ ಅಲ್ಲ ಎಂದು ಅವರು ಹೇಳಿದರು. 2011ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ಡೆರೆಕ್ ಪಾರ್ಫಿಟ್ ಅದನ್ನು ಬಲವಾಗಿ ನಿರಾಕರಿಸಿದರು. ಮೀಮಾಂಸಕರು ಚರ್ಚಿಸಿದ ಶ್ಯೇನಯಾಗದ ಉದಾಹರಣೆ ಇನ್ನೂ ಹರಿತವಾದದ್ದು. ವೈರಿಯ ಸಾವು ಬಯಸುವವನಿಗೆ ವೇದವೇ ಹೇಳಿರುವ ಯಾಗವದು. ವೇದ ಹೇಳಿದೆಯೆಂದ ಮೇಲೆ ಅದು ಧರ್ಮವೇ? ವೇದ ಹೇಳಿರುವುದು ಉಪಾಯವನ್ನು ಮಾತ್ರ, ಹಿಂಸೆಯನ್ನು ಮಾಡೆಂದು ಹೇಳಿಲ್ಲ. ಅಂಥ ಬಯಕೆಯಿಂದ ಹೊರಟವನು ನಿಷೇಧವನ್ನು ಮೀರಿದವನೇ ಎಂಬ ನಿಲುವಿಗೆ ಚರ್ಚೆ ಬಂದು ನಿಂತಿತು. ಉಪಾಯ ಗೊತ್ತಿರುವುದು ಬೇರೆ, ಗುರಿ ಯೋಗ್ಯವಾಗಿರುವುದು ಬೇರೆ ಎಂಬ ಸ್ಪಷ್ಟತೆ ಇಲ್ಲಿದೆ.

ಮೀಮಾಂಸೆಯ ಈ ಕಟ್ಟುನಿಟ್ಟಿನಲ್ಲಿ ಪಳಗಿದ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಧರ್ಮದ ಮೂಲಗಳಲ್ಲಿ ಶ್ರುತಿ, ಸ್ಮೃತಿ, ಸದಾಚಾರಗಳ ಜೊತೆಗೆ ತನಗೆ ಪ್ರಿಯವಾದದ್ದನ್ನೂ ಸ್ಮೃತಿ ಸೇರಿಸಿದೆ. ಶಾಸ್ತ್ರವೇ ಎರಡು ದಾರಿ ತೆರೆದಿಟ್ಟ ಕಡೆ ಮಾತ್ರ ಸ್ವಂತ ಇಷ್ಟಕ್ಕೆ ಅವಕಾಶ ಎಂದು ವಿಜ್ಞಾನೇಶ್ವರ ಅದರ ವ್ಯಾಪ್ತಿಯನ್ನು ಕುಗ್ಗಿಸುತ್ತಾನೆ. ಅದೇ ಲೇಖಕ ಆಸ್ತಿ ಹಂಚಿಕೆಯ ಭಾಗಕ್ಕೆ ಬಂದಾಗ, ಹಿರಿಯ ಮಗನಿಗೆ ಹೆಚ್ಚಿನ ಪಾಲು ಶಾಸ್ತ್ರದಲ್ಲಿ ಹೇಳಿದ್ದರೂ ಲೋಕ ಅದನ್ನು ದ್ವೇಷಿಸುವುದರಿಂದ ಆಚರಿಸಬಾರದು ಎನ್ನುತ್ತಾನೆ. ವ್ಯಕ್ತಿಯೊಬ್ಬನ ಇಷ್ಟಕ್ಕೆ ಕೊಡದ ಬಲವನ್ನು ಜನರೆಲ್ಲರ ನ್ಯಾಯಬುದ್ಧಿಗೆ ಕೊಟ್ಟದ್ದು ಆ ಕಾಲಕ್ಕೆ ದಿಟ್ಟ ಹೆಜ್ಜೆ. ಅದರ ಫಲ ದೂರಗಾಮಿಯಾಗಿತ್ತು: ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವ್ಯವಹಾರ 20ನೆಯ ಶತಮಾನದವರೆಗೆ ಮಿತಾಕ್ಷರಾ ಪದ್ಧತಿಯ ಮೇಲೆ ನಡೆಯಿತು.

ಹಿಟ್ಟಿನ ಕೋಳಿ

ಸವದತ್ತಿ ರಟ್ಟರ ಕಾಲದಲ್ಲಿ ಸುಗಂಧವರ್ತಿ ಎಂಬ ಹೆಸರಿನ ರಾಜಧಾನಿಯಾಗಿತ್ತು. ರಟ್ಟರು ಜೈನ ಬಸದಿಗಳಿಗೆ ದಾನಕೊಟ್ಟ ಶಾಸನಗಳು ಅಲ್ಲಿ ದೊರೆತಿವೆ. ಅವರ ಕೊನೆಗಾಲದ ರಾಜಗುರು ಮುನಿಚಂದ್ರ ಶಾಸ್ತ್ರದಲ್ಲಿ ಹೇಗೋ ರಾಜ್ಯಕಾರ್ಯದಲ್ಲೂ ಹಾಗೆ ನಿಪುಣನಾಗಿದ್ದನೆಂದು 13ನೆಯ ಶತಮಾನದ ಸವದತ್ತಿ ಶಾಸನ ಹೊಗಳುತ್ತದೆ. ಅಹಿಂಸೆಯನ್ನು ಮೊದಲ ವ್ರತವಾಗಿ ಹಿಡಿದ ಧರ್ಮದ ಗುರು ರಾಜ್ಯ ನಡೆಸುವುದರಲ್ಲೂ ಕೈಯಿಟ್ಟಾಗ ಏಳುವ ಇಕ್ಕಟ್ಟಿಗೆ ಜೈನ ನೀತಿ ಸಿದ್ಧಪಡಿಸಿಕೊಂಡ ಉತ್ತರ ಹಿಂಸೆಯ ವರ್ಗೀಕರಣದಲ್ಲಿದೆ. ಬೇಸಾಯ, ಅಡುಗೆ, ಕಸುಬುಗಳಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆ, ಆತ್ಮರಕ್ಷಣೆಗೆ ಎದುರಿಸಿ ನಿಂತಾಗ ಆಗುವ ಹಿಂಸೆ ಇವು ಗೃಹಸ್ಥನಿಗೆ ಒಂದು ಮಿತಿಯಲ್ಲಿ ಕ್ಷಮ್ಯ. ಕೊಲ್ಲಬೇಕೆಂದೇ ಸಂಕಲ್ಪಿಸಿ ಮಾಡುವ ಹಿಂಸೆಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ.

ಸಂಕಲ್ಪದ ಈ ತೂಕವನ್ನು ಕೊನೆಯ ಅಂಚಿನವರೆಗೆ ಎಳೆದು ನೋಡಿದ ಕೃತಿ ಜನ್ನನ ‘ಯಶೋಧರ ಚರಿತೆ’ (1209). ಹೊಯ್ಸಳ ಇಮ್ಮಡಿ ಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಹೇಳುವ ಕಥೆಯಲ್ಲಿ, ಅರಸ ಯಶೋಧರ ತನ್ನ ರಾಣಿ ಅಮೃತಮತಿ ಕುರೂಪಿ ಮಾವುತನಲ್ಲಿ ಅನುರಕ್ತಳಾದುದನ್ನು ಕಂಡು ಕುಸಿಯುತ್ತಾನೆ. ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಚಿ ತಾಯಿ ಚಂದ್ರಮತಿಗೆ ಹೇಳಿದಾಗ, ಶಾಂತಿಗಾಗಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವವಧೆಗೆ ಅವನು ಒಪ್ಪುವುದಿಲ್ಲ. ತಾಯಿ ಬಿಡುವುದಿಲ್ಲ. ಕೊನೆಗೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುವುದೆಂದು ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿ ಮಗ ಇಬ್ಬರೂ ಮುಂದೆ ರಾಣಿಯಿಟ್ಟ ವಿಷಕ್ಕೆ ಸತ್ತು, ನವಿಲು, ನಾಯಿ ಮೊದಲಾದ ಜನ್ಮಗಳನ್ನೆತ್ತಿ ಕೊಲ್ಲುತ್ತ ಕೊಲ್ಲಿಸಿಕೊಳ್ಳುತ್ತ ತೊಳಲುತ್ತಾರೆ.

ಫಲವನ್ನು ಮಾತ್ರ ಅಳೆಯುವವರ ಲೆಕ್ಕದಲ್ಲಿ ಹಿಟ್ಟಿನ ಕೋಳಿಯನ್ನು ಕಡಿದದ್ದು ಶೂನ್ಯ ನಷ್ಟದ ಕೆಲಸ. ನೋವುಂಡ ಜೀವ ಅಲ್ಲಿಲ್ಲ. 1789ರಲ್ಲಿ ಜೆರೆಮಿ ಬೆಂಥಮ್ ಪ್ರಕಟಿಸಿದ ಉಪಯುಕ್ತತಾವಾದದಲ್ಲಿ ಇದಕ್ಕೆ ದೋಷ ಹೊರಿಸಲು ಸುತ್ತುದಾರಿ ಬೇಕು: ಇಂಥ ಆಚರಣೆ ರೂಢಿಯಾದರೆ ಮುಂದೆ ನಿಜವಾದ ಬಲಿಗೆ ದಾರಿಯಾಗಬಹುದು ಎಂದೇನೋ ಹೇಳಬೇಕು. ಜನ್ನನಿಗೆ ಆ ಸುತ್ತು ಬೇಕಿಲ್ಲ. ಕೊಲ್ಲುವೆನೆಂದು ಮನಸ್ಸು ಮಾಡಿ ಕತ್ತಿ ಎತ್ತಿದ ಗಳಿಗೆಯಲ್ಲೇ ಕೃತ್ಯ ಪೂರ್ಣವಾಗಿದೆ. ಆದರೆ ಯಶೋಧರ ನಿಜಕ್ಕೂ ಕೊಲ್ಲಲು ಬಯಸಿದನೇ? ತಾಯಿಯ ಒತ್ತಾಯಕ್ಕೆ ಮಣಿದು, ಕೊಲ್ಲುವುದನ್ನು ತಪ್ಪಿಸಲೆಂದೇ ಹಿಟ್ಟಿನ ಕೋಳಿಯನ್ನು ಒಪ್ಪಿದವನು ಅವನು. ಹಾಗಿರುವಾಗ ಅವನ ಸಂಕಲ್ಪ ಯಾವುದು, ಬಲಿಯೋ ಬಲಿಯಿಂದ ಪಾರಾಗುವುದೋ? ಕಾವ್ಯ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಬಲಿಯೆಂಬ ಅರ್ಥವನ್ನು ಒಪ್ಪಿಕೊಂಡು ಅದರ ಆಕಾರವನ್ನು ಮಾತ್ರ ಬದಲಿಸಿದ ರಾಜಿ ಅದು. ತಪ್ಪು ಅಂಟಿಕೊಂಡದ್ದು ಅಲ್ಲಿ ಎಂಬ ಓದು ಹೆಚ್ಚು ಸಮರ್ಪಕವೆನಿಸುತ್ತದೆ. ಸಂಕಲ್ಪದ ವಿಷಯದಲ್ಲಿ ಕನ್ನಡ ಸಾಹಿತ್ಯ ಇದಕ್ಕಿಂತ ಸೂಕ್ಷ್ಮವಾದ ಪ್ರಯೋಗ ಮಾಡಿಲ್ಲ.

ಶರಣರ ಸಂವಾದಗಳು

12ನೆಯ ಶತಮಾನದ ಶರಣರು ಪ್ರಶ್ನೆಯನ್ನು ಬಲಿಪೀಠದಿಂದ ದಿನದ ದುಡಿಮೆಗೆ ತಂದರು. ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯ ನಂತರ ಚದುರಿದ ಶರಣರು ಈ ಸೀಮೆಯ ಮೂಲಕ ಉಳವಿಗೆ ಸಾಗಿದರೆಂಬ ನಂಬಿಕೆ ಗಟ್ಟಿಯಾಗಿದೆ. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ಕಿತ್ತೂರು ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ದಡದಲ್ಲಿದೆ. ಡೋಹರ ಕಕ್ಕಯ್ಯನ ನೆನಪು ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿದೆ. ಆಧುನಿಕ ಕಾಲದಲ್ಲಿ ವಚನಗಳನ್ನು ಮತ್ತೆ ಓದುಗರ ಕೈಗಿತ್ತ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದೂ ಬೆಳಗಾವಿಯಲ್ಲೇ.

ಶರಣರ ನೀತಿಚಿಂತನೆಯನ್ನು ಬಿಡಿ ವಚನಗಳಲ್ಲಿ ಹುಡುಕುವುದಕ್ಕಿಂತ ‘ಶೂನ್ಯಸಂಪಾದನೆ’ಯ ಸಂವಾದಗಳಲ್ಲಿ ನೋಡುವುದು ಫಲಕಾರಿ. ವಿಜಯನಗರದ ಕಾಲದಲ್ಲಿ ಸಂಪಾದಿತವಾದ ಈ ಕೃತಿ ವಚನಗಳನ್ನು ಅಲ್ಲಮಪ್ರಭುವಿನ ಸುತ್ತ ವಾದ-ಪ್ರತಿವಾದವಾಗಿ ಹೆಣೆಯುತ್ತದೆ. ಅದರಲ್ಲಿ ನೀತಿಶಾಸ್ತ್ರದ ದೃಷ್ಟಿಯಿಂದ ಮೂರು ಪ್ರಸಂಗಗಳು ಮುಖ್ಯ.

ಮೊದಲನೆಯದು ಸಿದ್ಧರಾಮನದು. ಸೊನ್ನಲಿಗೆಯಲ್ಲಿ, ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ತೋಡಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ. ನೂರಾರು ಕೈಗಳು ಮಣ್ಣು ಹೊರುತ್ತಿರುವಾಗ ಅಲ್ಲಿಗೆ ಬಂದ ಅಲ್ಲಮ ಅವನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಸಿದ್ಧರಾಮನ ಶಿಷ್ಯರು ಕೆರಳಿ ಕಲ್ಲೆತ್ತುತ್ತಾರೆ. ಕೆರೆಯಿಂದ ದನಕರುಗಳಿಗೂ ಜನರಿಗೂ ನೀರು ಸಿಗುತ್ತದೆಂಬುದರಲ್ಲಿ ಅಲ್ಲಮನಿಗೆ ತಕರಾರಿಲ್ಲ. ಅವನ ಪ್ರಶ್ನೆ ಬೇರೆ: ಕಟ್ಟಿಸಿದವನು ನಾನು ಎಂಬುದು ಉಳಿದರೆ, ಕೆರೆಯ ಜೊತೆಗೆ ಇನ್ನೇನೋ ಕಟ್ಟಿಕೊಂಡಂತಾಗಲಿಲ್ಲವೇ? ಫಲವಾದಿಗೆ ಈ ಪ್ರಶ್ನೆ ಅಸಂಗತ. ನೀರು ಸಿಕ್ಕಿತಲ್ಲ, ಕಟ್ಟಿಸಿದವನ ಅಹಂಕಾರ ಅವನ ಖಾಸಗಿ ಸಂಗತಿ. ಈ ಆಕ್ಷೇಪಕ್ಕೆ ಬಲವಿದೆ. ಬಾಯಾರಿದವರ ಮುಂದೆ ಕೆರೆ ಕಟ್ಟಿಸಿದವನ ಆತ್ಮಶೋಧ ದೊಡ್ಡದಾಗಲಾರದು. ಆದರೆ ಶಿಷ್ಯರು ಎತ್ತಿದ ಕಲ್ಲು ಅಲ್ಲಮನ ಪರವಾಗಿ ಸಾಕ್ಷಿ ಹೇಳುತ್ತದೆ. ‘ನಮ್ಮ ಕೆಲಸ’ ಎಂಬ ಭಾವ ಟೀಕಿಸಿದವನ ಮೇಲೆ ಹಿಂಸೆಯಾಗಿ ತಿರುಗಿತು. ಒಳಗಿನದು ಒಳಗೇ ಉಳಿಯಲಿಲ್ಲ. ಸಿದ್ಧರಾಮ ಮುಂದೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ಇಷ್ಟಲಿಂಗ ಪಡೆದನೆಂದು ಕೃತಿ ಹೇಳುತ್ತದೆ. ಕೆರೆ ಸೊಲ್ಲಾಪುರದ ಊರ ನಡುವೆ ಇಂದಿಗೂ ಇದೆ.

ಎರಡನೆಯದು ನುಲಿಯ ಚಂದಯ್ಯನದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ಮಾಡುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕೆಳಗೆ ಬಿದ್ದರೂ ಅವನು ನಿಲ್ಲದೆ ಹೊರೆ ಹೊತ್ತು ನಡೆದ. ಪೂಜೆ ಎಲ್ಲಕ್ಕಿಂತ ಮೇಲೆಂಬ ಶ್ರೇಣಿಯನ್ನು ಇದು ಬುಡಮೇಲು ಮಾಡುತ್ತದೆ. ಕಾಯಕ ಪೂಜೆಗೆ ಸಾಧನವಾಗಿದ್ದರೆ ಪೂಜೆಗಾಗಿ ಅದನ್ನು ನಿಲ್ಲಿಸಬಹುದಿತ್ತು. ಅದು ತನ್ನಷ್ಟಕ್ಕೇ ಬೆಲೆಯುಳ್ಳದ್ದಾದ್ದರಿಂದ ನಿಲ್ಲಿಸಬೇಕಾಗಿಲ್ಲ.

ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳದು ಮೂರನೆಯ ಪ್ರಸಂಗ. ಹೆಚ್ಚು ವಿಚಾರಕ್ಕೆ ಎಡೆಕೊಡುವುದೂ ಅದೇ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಲ್ಲಮನ ಮಾತಿನಲ್ಲಿ ಮೈಮರೆತು ಕುಳಿತವನನ್ನು ಲಕ್ಕಮ್ಮ ಕಾಯಕಕ್ಕೆ ಎಬ್ಬಿಸುತ್ತಾಳೆ. ಅವನು ಹೋಗಿ, ಅಂದು ಹೆಚ್ಚಾಗಿ ಚೆಲ್ಲಿದ್ದ ಅಕ್ಕಿಯನ್ನು ಎಂದಿಗಿಂತ ಹೆಚ್ಚು ಆಯ್ದು ತರುತ್ತಾನೆ. ಗಂಟು ಕಂಡ ಲಕ್ಕಮ್ಮ ಕೇಳುತ್ತಾಳೆ: ಇದು ನಿಮ್ಮ ಮನಸ್ಸಿನದೋ, ಬಸವಣ್ಣನ ಅನುಮಾನದ್ದೋ? ಎಂದಿನಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲೇ ಸುರಿದು ಬನ್ನಿ ಎನ್ನುತ್ತಾಳೆ.

ಇಲ್ಲಿ ಯಾರಿಗೂ ನಷ್ಟವಾಗಿಲ್ಲ. ಅಕ್ಕಿ ಚೆಲ್ಲಿದ್ದು, ಬೇಡದ್ದು. ಕಳವಲ್ಲ, ಸುಳ್ಳಲ್ಲ, ಯಾವ ನಿಯಮದ ಉಲ್ಲಂಘನೆಯೂ ಅಲ್ಲ. ಮಾರಯ್ಯ ಅದನ್ನು ದಾಸೋಹಕ್ಕೇ ಬಳಸುತ್ತಿದ್ದ. ಆದರೂ ಲಕ್ಕಮ್ಮನ ಪ್ರಕಾರ ಅದು ತಪ್ಪು, ಏಕೆಂದರೆ ಅಗತ್ಯ ಮೀರಿದ ಆ ಹಿಡಿಗಳಲ್ಲಿ ಆಸೆ ಸೇರಿಕೊಂಡಿದೆ. ಒಳ್ಳೆಯ ಸಂಕಲ್ಪವೊಂದೇ ಷರತ್ತಿಲ್ಲದೆ ಒಳ್ಳೆಯದೆಂದು ಕಾಂಟ್ ಹೇಳಿದಾಗ, ಆ ಸಂಕಲ್ಪ ಶುದ್ಧವೋ ಅಲ್ಲವೋ ಎಂಬುದು ಮಾಡುವವನಿಗೂ ಖಚಿತವಾಗಿ ತಿಳಿಯಲಾರದೆಂದು ಒಪ್ಪಿಕೊಂಡರು. ಲಕ್ಕಮ್ಮನ ಬಳಿ ಅದಕ್ಕೊಂದು ಅಳತೆಯಿದೆ: ಗಂಟಿನ ಗಾತ್ರ. ಮನಸ್ಸು ಏನೆಂದು ಕೇಳುವ ಮೊದಲು ಅವಳು ಕೈಯಲ್ಲಿರುವುದು ಎಷ್ಟೆಂದು ನೋಡಿದಳು. ಒಳಗಿನ ಭಾವವನ್ನು ಹೊರಗಿನ ವಸ್ತುವಿನಲ್ಲಿ ಓದುವ ಈ ವಿಧಾನ ಶರಣರ ವಿಶಿಷ್ಟ ಕೊಡುಗೆಯೆಂದೇ ಹೇಳಬೇಕು. ಗಂಡ ಅನುಭಾವದ ಚರ್ಚೆಯಲ್ಲಿ ಮುಳುಗಿದ್ದಾಗ ಅವನನ್ನು ತಿದ್ದಿದವಳು, ಓದುಬರಹದ ಪಾಂಡಿತ್ಯವಿಲ್ಲದ, ಆಯ್ದ ಅಕ್ಕಿಯಲ್ಲಿ ಮನೆ ನಡೆಸುವ ಹೆಣ್ಣುಮಗಳು ಎಂಬುದೂ ಗಮನಾರ್ಹ. ನೀತಿಯ ತಿಳಿವಳಿಕೆಗೆ ಯಾರು ಅಧಿಕಾರಿ ಎಂಬ ಪ್ರಶ್ನೆಗೂ ಅಲ್ಲೊಂದು ಉತ್ತರವಿದೆ.

ಮಾತು ಕೊಡುವುದು

ಆಣೆಭಾಷೆಯ ಬಲದ ಬಗ್ಗೆ ಕನ್ನಡ ಮಕ್ಕಳು ಮೊದಲು ಕೇಳುವುದು ಪುಣ್ಯಕೋಟಿಯ ಕಥೆಯಲ್ಲಿ. ಹುಲಿಗೆ ಕೊಟ್ಟ ಮಾತಿಗಾಗಿ ಹಸು ಮರಳಿ ಹೋಗುತ್ತದೆ. ಕೊಂದು ತಿನ್ನಲು ಕಾದವನಿಗೂ ಕೊಟ್ಟ ಮಾತು ಮಾತೇ ಎಂಬುದು ಅದರ ನಿಲುವು; ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಅದೇ ನಿಲುವಿನ ಮಹಾಕಾವ್ಯ. ಇದಕ್ಕೆ ಎದುರಾಗಿ ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನ ಕಥೆಯಿದೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಅವನು, ಓಡಿಹೋದವರು ಅಡಗಿದ ಜಾಗವನ್ನು ಕಳ್ಳರಿಗೆ ತೋರಿಸಿ ನರಕಕ್ಕೆ ಹೋಗುತ್ತಾನೆ. ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು 1797ರಲ್ಲಿ ಕಾಂಟ್ ಬರೆದಾಗ ಎದ್ದ ಗದ್ದಲದ ವಸ್ತು ಇದೇ.

ಕಿತ್ತೂರಿನ ಇತಿಹಾಸದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರು. ಕದನ ನಿಲ್ಲುವುದೆಂಬ ಭರವಸೆಯ ಮೇಲೆ ರಾಣಿ ಚೆನ್ನಮ್ಮ ಅವರನ್ನು ಬಿಟ್ಟಳೆಂದೂ ಕಂಪನಿ ದೊಡ್ಡ ಸೈನ್ಯದೊಡನೆ ಮತ್ತೆ ಬಂತೆಂದೂ ಕಿತ್ತೂರಿನ ಚರಿತ್ರಕಾರರು ಬರೆಯುತ್ತಾರೆ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಎದುರಾಳಿ ಮಾತಿಗೆ ನಿಲ್ಲುವನೆಂಬ ನಂಬಿಕೆ ಇಲ್ಲದಾಗಲೂ ತನ್ನ ಪಾಲಿನ ನಡತೆಯನ್ನು ಉಳಿಸಿಕೊಳ್ಳಬೇಕೇ? ಒಪ್ಪಂದವೇ ಕರ್ತವ್ಯದ ಮೂಲವೆನ್ನುವವರು ಬೇಡವೆನ್ನಬಹುದು. ಸೆರೆಯಾಳಿನ ಜೀವ ವ್ಯವಹಾರದ ವಸ್ತುವಲ್ಲ ಎನ್ನುವವರಿಗೆ ಎದುರಾಳಿಯ ನಡೆ ಲೆಕ್ಕಕ್ಕೆ ಬರುವುದಿಲ್ಲ. ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ಇದೇ ನಾಡಿನ ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸನಾದ.

ಶಾಸ್ತ್ರೀಯ ಅಧ್ಯಯನ

ಇಂಥ ಪ್ರಶ್ನೆಗಳನ್ನು ಆಧುನಿಕ ತತ್ತ್ವಶಾಸ್ತ್ರದ ಚೌಕಟ್ಟಿಗೆ ತಂದವರಲ್ಲಿ ಇಬ್ಬರು ಕನ್ನಡ ನೆಲದವರು. ಜಮಖಂಡಿಯಲ್ಲಿ ಹುಟ್ಟಿದ ಆರ್.ಡಿ. ರಾನಡೆ (1886–1957) ಉಪನಿಷತ್ತುಗಳ ಕುರಿತ ತಮ್ಮ 1926ರ ಗ್ರಂಥದಲ್ಲಿ ನೀತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಕರ್ತವ್ಯದ ಮೂಲ ಹಿರಿಯರ ನಡತೆಯೋ, ದೇವರ ಭಯವೋ, ಒಳಗಿನ ಆತ್ಮವೋ ಎಂದು ವಿಂಗಡಿಸಿ, ಉಪನಿಷತ್ತುಗಳಲ್ಲಿ ಮೂರಕ್ಕೂ ಆಧಾರವಿದ್ದರೂ ಆತ್ಮಾಧೀನತೆಯ ಕಡೆಗಿನ ನಡೆಯನ್ನು ಗುರುತಿಸಿದರು. ಮೈಸೂರಿನ ಎಂ. ಹಿರಿಯಣ್ಣ (1871–1950) ಪುರುಷಾರ್ಥಗಳನ್ನು ಮೌಲ್ಯಸಿದ್ಧಾಂತವಾಗಿ ಓದಿದರು. ಅರ್ಥ ಸಾಧನ, ಕಾಮ ಅದರ ಸಾಧ್ಯ. ಧರ್ಮ ಸಾಧನವೋ ಸಾಧ್ಯವೋ ಎಂಬಲ್ಲಿ ದರ್ಶನಗಳು ಬೇರೆಯಾಗುತ್ತವೆ ಎಂಬುದು ಅವರ ವಿಶ್ಲೇಷಣೆಯ ತಿರುಳು. ಧರ್ಮವನ್ನು ಧರ್ಮಕ್ಕಾಗಿಯೇ ಮಾಡಬೇಕೆಂಬ ಪ್ರಾಭಾಕರ ನಿಲುವನ್ನು ಕಾಂಟ್‌ನೊಡನೆ ಹೋಲಿಸುವ ದಾರಿ ಹೀಗೆ ತೆರೆಯಿತು. ಇಬ್ಬರೂ ಮುಖ್ಯ ಗ್ರಂಥಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ಅದರಿಂದಾಗಿ ಜನ್ನನ ಕೋಳಿಯಾಗಲಿ ಲಕ್ಕಮ್ಮನ ಗಂಟಾಗಲಿ ನೀತಿಶಾಸ್ತ್ರದ ಪಠ್ಯಗಳಲ್ಲಿ ಉದಾಹರಣೆಯಾಗಿ ಬರದೇ ಉಳಿದದ್ದು ದೊಡ್ಡ ಕೊರತೆ.

ಸಾಧನ ಮತ್ತು ಸಾಧ್ಯ

1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದ ಗಾಂಧೀಜಿ, 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕಾಗಿ ಕಾಂಗ್ರೆಸ್ ಮುಖಂಡ ಗಂಗಾಧರರಾವ್ ದೇಶಪಾಂಡೆಯವರ ಊರಾದ ಹುದಲಿಗೆ ಬಂದಿದ್ದರು. ಗುರಿ ಎಷ್ಟೇ ಒಳ್ಳೆಯದಿರಲಿ, ಕೆಟ್ಟ ಸಾಧನ ಗುರಿಯನ್ನೇ ಕೆಡಿಸುತ್ತದೆ ಎಂಬ ಅವರ ನಿಲುವಿಗೆ ಎರಡೇ ವರ್ಷಗಳಲ್ಲಿ ಹತ್ತಿರದ ರಾಮದುರ್ಗದಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಭಾವೆ ಮನೆತನದ ಆಳ್ವಿಕೆಯಲ್ಲಿದ್ದ ಆ ಸಣ್ಣ ಸಂಸ್ಥಾನದಲ್ಲಿ ತೆರಿಗೆಯ ಭಾರದ ವಿರುದ್ಧ ರೈತರು ಸಂಘಟಿತರಾಗಿದ್ದರು. 1939ರ ಏಪ್ರಿಲ್‌ನಲ್ಲಿ ಮುಖಂಡರ ಬಂಧನವಾದಾಗ ಜನ ಸೆರೆಮನೆಗೆ ನುಗ್ಗಿದರು. ಗೋಲಿಬಾರು ನಡೆಯಿತು, ಪೊಲೀಸರು ಜನರ ಕೈಯಲ್ಲಿ ಹತರಾದರು. ಪ್ರಜೆಗಳ ಬೇಡಿಕೆ ನ್ಯಾಯವಾದದ್ದೆಂದು ಬಲ್ಲವರೂ ಕಾಂಗ್ರೆಸ್ಸಿನಲ್ಲಿದ್ದರು. ಗಾಂಧೀಜಿ ಮಾತ್ರ ಈ ಹಿಂಸೆಯನ್ನು ಒಪ್ಪಲಿಲ್ಲ.

ಈ ಘಟನೆಯನ್ನು ಅಳೆಯುವಾಗ ಎರಡು ಪ್ರಶ್ನೆಗಳನ್ನು ಬೇರೆಯಾಗಿಡಬೇಕು. ಜನರಿಗೆ ದಂಗೆಯೇಳಲು ಕಾರಣವಿತ್ತೇ ಎಂಬುದೊಂದು. ಆ ಪೊಲೀಸರನ್ನು ಕೊಲ್ಲಲು ಕಾರಣವಿತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದೆನ್ನುವವರು ಎರಡನೆಯದಕ್ಕೆ ಅಲ್ಲವೆನ್ನಲು ಏನೂ ಅಡ್ಡಿಯಿಲ್ಲ. ಕೆಳದರ್ಜೆಯ ಸಂಬಳಗಾರನೊಬ್ಬ ವ್ಯವಸ್ಥೆಯ ಅನ್ಯಾಯಕ್ಕೆ ಎಷ್ಟರಮಟ್ಟಿಗೆ ಹೊಣೆ ಎಂಬುದು, ಎಷ್ಟು ಅರ್ಜಿ ಕೊಟ್ಟರೂ ಕೇಳದ ಆಡಳಿತದ ಮುಂದೆ ಅಹಿಂಸೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಉಳಿಯುತ್ತವೆ. ಸಂಗೊಳ್ಳಿ ರಾಯಣ್ಣನನ್ನು (ಕಂಪನಿಯ ವಿರುದ್ಧ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು) ಹಾಡಿ ಹೊಗಳುವ ಜನರೇ ಗಾಂಧೀಜಿಯ ಚರಕವನ್ನೂ ಒಪ್ಪಿಕೊಂಡ ನಾಡು ಇದು. ಎರಡನ್ನೂ ಗೌರವಿಸುವುದು ಅಸಂಗತವೆಂದು ಇಲ್ಲಿಯ ಜನ ಭಾವಿಸಿಲ್ಲ.

ರೂಢಿ, ಸಮ್ಮತಿ, ಹಕ್ಕು

ಸದಾಚಾರವೂ ಧರ್ಮದ ಮೂಲವೆಂಬ ಹಳೆಯ ಮಾತಿಗೆ ಯಲ್ಲಮ್ಮನ ಗುಡ್ಡದಲ್ಲೇ ದೊಡ್ಡ ಪ್ರಶ್ನೆ ಎದ್ದದ್ದು ದೇವದಾಸಿ ಪದ್ಧತಿಯ ವಿಷಯದಲ್ಲಿ. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಒಂದು ಕಾಯ್ದೆ, ಕರ್ನಾಟಕದಲ್ಲಿ 1982ರ ಸಮರ್ಪಣೆ ನಿಷೇಧ ಕಾಯ್ದೆ ಬಂದವು. ಹರಕೆ, ಕುಟುಂಬದ ರೂಢಿ, ದೇವಿಯ ಕರೆ ಎಂಬ ಕಾರಣಗಳನ್ನು ಸಮರ್ಥಕರು ಕೊಟ್ಟರು. ಸಮರ್ಪಣೆಯ ಗುರುತಾದ ಮುತ್ತು ಕಟ್ಟಿಸಿಕೊಳ್ಳುವಾಗ ಹುಡುಗಿ ಮಗುವಾಗಿದ್ದಳು, ಅವಳ ಸಮ್ಮತಿಗೆ ಅರ್ಥವಿರಲಿಲ್ಲ, ಸಮರ್ಪಿತರಾದವರು ಬಹುತೇಕ ದಲಿತ ಮನೆಗಳ ಹೆಣ್ಣುಮಕ್ಕಳೇ ಆಗಿದ್ದರು. ಈ ಸಂಗತಿಗಳ ಮುಂದೆ ಆ ಕಾರಣಗಳು ನಿಲ್ಲುವುದಿಲ್ಲ. ತನ್ನ ಮೇಲೆ ಹೇರಿದ ನಿಯಮವನ್ನು ಯಾರೂ ಯುಕ್ತವಾಗಿ ತಿರಸ್ಕರಿಸಲಾಗದಂತಿರಬೇಕು ಎಂದು 1998ರಲ್ಲಿ ಟಿ.ಎಂ. ಸ್ಕ್ಯಾನ್ಲನ್ ಇಟ್ಟ ಒರೆಗಲ್ಲಿಗೆ ಈ ಪದ್ಧತಿ ಮೊದಲ ಉಜ್ಜಿಗೇ ಸೋಲುತ್ತದೆ. ಆದರೆ ಕಾಯ್ದೆ ಬಂದ ಮೇಲೆ ಹಿಂದೆ ಸಮರ್ಪಿತರಾದ ಹೆಂಗಸರೇ ಅಪರಾಧಿಗಳಂತೆ ಬದುಕಬೇಕಾಗಬಾರದು. ಪದ್ಧತಿಯನ್ನು ಖಂಡಿಸುವುದೂ ಅದರೊಳಗೆ ಬದುಕಿದವರ ಘನತೆಯನ್ನು ಕಾಯುವುದೂ ಒಟ್ಟೊಟ್ಟಿಗೆ ನಡೆಯಬೇಕಾದ ಕೆಲಸಗಳು. ಮಾಜಿ ದೇವದಾಸಿಯರ ಪಿಂಚಣಿ, ಪುನರ್ವಸತಿಯ ಬೇಡಿಕೆಗಳ ನೈತಿಕ ಆಧಾರ ಇದು.

ನೀರಿನ ಹಂಚಿಕೆ

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ನೀರು ತುಂಬಿಕೊಂಡಿತು. ಅದರ ಜಲಾಶಯ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಹೆಚ್ಚು ಜನರಿಗೆ ಹೆಚ್ಚು ಹಿತ ಎಂಬ ತತ್ತ್ವದ ಮೇಲೆ ನಿಂತ ಇಂಥ ಯೋಜನೆಗಳಲ್ಲಿ ಯಾರ ಹಿತ, ಯಾರು ತೆತ್ತ ಬೆಲೆಯ ಮೇಲೆ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅಚ್ಚುಕಟ್ಟಿನ ಜಮೀನಿಗೆ ಅಭಿವೃದ್ಧಿ ಕರ ಹೇರಿದ್ದು 1980ರ ಜುಲೈ 21ರ ನರಗುಂದ-ನವಲಗುಂದ ರೈತ ಬಂಡಾಯಕ್ಕೆ ಮುಖ್ಯ ಕಾರಣಗಳಲ್ಲೊಂದು. ನೀರೇ ತಲುಪದ ಕಾಲುವೆಯ ಕೊನೆಯ ಹೊಲದವನು ನೀರಿನಿಂದ ಬಂದ ಲಾಭಕ್ಕೆ ಕರ ಕೊಡಬೇಕೇ? ಒಟ್ಟು ಲಾಭದ ಸರಾಸರಿ ತೆಗೆಯುವವರಿಗೆ ಆ ಹೊಲ ಕಾಣುವುದಿಲ್ಲ. ಎಲ್ಲರಿಗಿಂತ ಕೆಳಗಿರುವವನ ಸ್ಥಿತಿಯಿಂದ ವ್ಯವಸ್ಥೆಯನ್ನು ಅಳೆಯಬೇಕೆಂದು 1971ರಲ್ಲಿ ಜಾನ್ ರಾಲ್ಸ್ ಹೇಳಿದ್ದು ಇಂಥ ಸರಾಸರಿಯ ವಿರುದ್ಧವೇ.

2019ರ ಆಗಸ್ಟ್‌ನಲ್ಲಿ ಇನ್ನೊಂದು ಬಗೆಯ ಇಕ್ಕಟ್ಟು ಎದುರಾಯಿತು. ಭಾರಿ ಮಳೆಗೆ ಜಲಾಶಯ ತುಂಬಿ, ಹೊರಬಿಟ್ಟ ನೀರು ಅಣೆಕಟ್ಟಿನ ಕೆಳಗಿನ ಮುನವಳ್ಳಿ, ರಾಮದುರ್ಗ ಭಾಗದ ನದಿತೀರಕ್ಕೆ ನುಗ್ಗಿತು. ಮನೆ, ಅಂಗಡಿ, ಹೊಲಗಳು ಮುಳುಗಿದವು. ಐವರನ್ನು ಉಳಿಸಲು ಒಬ್ಬನತ್ತ ಬಂಡಿಯನ್ನು ತಿರುಗಿಸಬಹುದೇ ಎಂದು 1967ರಲ್ಲಿ ಫಿಲಿಪಾ ಫುಟ್ ಕೇಳಿದ ಪ್ರಶ್ನೆ ಇಲ್ಲಿ ಕಾಲ್ಪನಿಕವಲ್ಲ. ಬಾಗಿಲು ತೆರೆಯದಿದ್ದರೆ ಅಣೆಕಟ್ಟಿಗೇ ಅಪಾಯ, ತೆರೆದರೆ ಕೆಳಗಿನ ಊರಿಗೆ ಪ್ರವಾಹ. ಬಾಗಿಲು ತೆರೆಯುವುದು ಸರಿಯೆಂದು ಹೆಚ್ಚಿನ ಸಿದ್ಧಾಂತಗಳೂ ಒಪ್ಪುತ್ತವೆ. ಒಪ್ಪದೇ ಉಳಿಯುವುದು ಆಮೇಲಿನ ಮಾತು. ಆಯ್ಕೆ ಸರಿಯಿದ್ದರೆ ಅಲ್ಲಿಗೆ ಲೆಕ್ಕ ಚುಕ್ತಾ ಎಂಬುದು ಫಲವಾದದ ಕಟ್ಟುನಿಟ್ಟಿನ ರೂಪ. ಡಬ್ಲ್ಯು.ಡಿ. ರಾಸ್ 1930ರಲ್ಲಿ ಬೇರೆ ರೀತಿ ವಾದಿಸಿದರು: ಕರ್ತವ್ಯಗಳು ಹಲವು, ಅವು ಒಂದನ್ನೊಂದು ಎದುರಿಸಿದಾಗ ಸೋತ ಕರ್ತವ್ಯ ಇಲ್ಲದಂತಾಗುವುದಿಲ್ಲ, ಅದರ ಬಾಕಿ ಉಳಿಯುತ್ತದೆ. ಪರಶುರಾಮ ಪಾಪ ತಟ್ಟದಿರಲೆಂದು ಕೇಳಿದ್ದರ ಹಿಂದೆ ಇರುವುದೂ ಇದೇ ತಿಳಿವಳಿಕೆ. ಆ ಬಾಕಿ ಯಾವ ಯಾವ ರೂಪದಲ್ಲಿ ಸಲ್ಲಬೇಕೆಂಬುದು ನದಿತೀರದವರಿಗೆ ಸ್ಪಷ್ಟವಿದೆ: ನೀರು ಬಿಡುವ ಮುನ್ನ ಸಾಕಷ್ಟು ಮೊದಲೇ ಕೊಡುವ ಮುನ್ಸೂಚನೆ, ಜಲಾಶಯ ತುಂಬುವವರೆಗೆ ಕಾಯದೆ ಹಂತಹಂತವಾಗಿ ನೀರು ಹರಿಸುವ ಯೋಜನೆ, ಬಿದ್ದ ಮನೆಗೆ ನಿಜವಾದ ಬೆಲೆಯ ಪರಿಹಾರ, ತಗ್ಗಿನಲ್ಲಿರುವವರು ಒಪ್ಪಿದರೆ ಎತ್ತರದ ಜಾಗದಲ್ಲಿ ನಿವೇಶನ.